ಮೊಬೈಲಿನೊಳಗಿನ ಪಂಕ್ತಿ

೧೯೯೩ರಲ್ಲಿ, ಎಂಟನೇ ಕ್ಲಾಸು ಅರ್ಧಕ್ಕೆ ಬಂದಿದ್ದಾಗ, ನಾನು ಓದು ನಿಲ್ಲಿಸಿದೆ. ಯಾರೂ ಬಿಡಿಸಲಿಲ್ಲ, ನಾನೇ ಬಿಟ್ಟೆ. ಹೊಳೆನರಸೀಪುರದ ಒಂದು ಶಾಮಿಯಾನದ ಅಂಗಡಿಗೆ ಸೇರಿ ಗೂಟ ಹೊಡೆಯುವುದರಿಂದ ಶುರು ಮಾಡಿ, ಹತ್ತು ವರ್ಷಕ್ಕೆ ಸ್ವಂತ ಅಂಗಡಿ ಹಾಕಿದೆ. ಮದುವೆ, ನಾಮಕರಣ ಎಲ್ಲರೂ ಮಾಡುತ್ತಾರೆ. ನಾನು ಹಿಡಿದದ್ದು ಕಂಪನಿ ಕೆಲಸ. ಹಾಸನದ ಇಂಡಸ್ಟ್ರಿಯಲ್ ಏರಿಯಾದಲ್ಲಿ ಡೀಲರುಗಳ ಸಭೆ, ಹೊಸ ಮಾಲಿನ ಬಿಡುಗಡೆ, ನೌಕರರ ದಿನ. ಸ್ಟೇಜು ಎಷ್ಟು ಅಡಿ ಬೇಕು, ಸಾಹೇಬರು ಯಾವ ಕಡೆಯಿಂದ ಹತ್ತಬೇಕು, ಮೈಕು ಯಾವಾಗ ಕಿರುಚುತ್ತದೆ, ಇದೆಲ್ಲ ನನಗೆ ನಿಂತ ಜಾಗದಲ್ಲೇ ಗೊತ್ತಾಗುತ್ತದೆ. ಟೈ ಕಟ್ಟಿದವರು ನನ್ನ ಪ್ಲಾನು ಬರೆದುಕೊಂಡು ಹೋಗಿದ್ದಾರೆ. ಹೇಳಿಕೊಳ್ಳಲು ನನಗೇನೂ ಸಂಕೋಚವಿಲ್ಲ.

ಕೊರೋನಾ ಬಂತು. ಜನ ಸೇರಬಾರದು ಅಂದ ಮೇಲೆ ನನ್ನ ಕಸುಬೇ ಇಲ್ಲ. ನನ್ನನ್ನು ನಂಬಿ ಆರು ಜನ ಇದ್ದರು: ಅಡಿಗೆಯವನು, ಅವನ ಹೆಂಡತಿ, ಲೈಟಿನವನು, ಶಾಮಿಯಾನ ಕಟ್ಟುವ ಮೂವರು. ಲಾಕ್‌ಡೌನ್ ಸಡಿಲವಾಗುತ್ತಿದ್ದಂತೆ ಲೈಟಿನವನು ಮನೆಗೆ ಬಂದ.

"ಅಣ್ಣ, ಅರಕಲಗೂಡಲ್ಲಿ ಆರ್ಡ್‌ವೇರ್ ಅಂಗ್ಡೀಲಿ ಕರೀತಾವ್ರೆ. ಓಗ್ಲಾ, ಇರ್ಲಾ?"

"ಒಂದ್ ತಿಂಗ್ಳು ಇರು ಕಣ್ಲಾ" ಅಂದೆ. ಏನು ನಂಬಿಕೊಂಡು ಅಂದೆನೋ ಕಾಣೆ. ಅಷ್ಟರಲ್ಲಿ ಕೆಲಸ ಬರದಿದ್ದರೆ ಆರೂ ಜನ ಚದುರಿಹೋಗುತ್ತಾರೆ, ಅಂಥ ಕೈಗಳು ಮತ್ತೆ ಸಿಗುವುದಿಲ್ಲ, ಅಷ್ಟು ಮಾತ್ರ ಗೊತ್ತಿತ್ತು.

ಹತ್ತು ದಿನಕ್ಕೆ ಪಂಪ್‌ಸೆಟ್ ಕಂಪನಿಯ ಸೇಲ್ಸ್ ಮೇಡಂ ಫೋನ್ ಮಾಡಿದರು. ಮಂಗಳೂರು ಕಡೆಯವರು. "ಈ ವರ್ಷ ಡೀಲರ್ ಮೀಟ್ ಆನ್‌ಲೈನ್ ಮಾಡುವುದು. ಬೆಂಗಳೂರಿನ ಏಜೆನ್ಸಿಯವರು ನಾವು ಮಾಡ್ತೇವೆ ಅಂತಿದ್ದಾರೆ. ನಿಮಗೆ ಆಗ್ತದಾ?"

"ಆಗ್ತದೆ ಮೇಡಂ" ಅಂದುಬಿಟ್ಟೆ. ಆನ್‌ಲೈನ್ ಅಂದರೆ ಏನೆಂದು ಫೋನಿಟ್ಟ ಮೇಲೆ ಹೆಂಡತಿಯನ್ನು ಕೇಳಿದೆ. ಅವಳು ತನ್ನ ಮಹಿಳಾ ಸಂಘದ ಮೀಟಿಂಗನ್ನು ಆಗಲೇ ಮೊಬೈಲಲ್ಲಿ ನಡೆಸುತ್ತಿದ್ದಳು.

"ಅತ್ತು ನಿಮಿಷ ಇರ್ತಾರೆ. ಆಮೇಲೆ ಕ್ಯಾಮೆರಾ ಆಫ್ ಮಾಡಿ ಅಸು ಕಟ್ಟಕ್ಕೆ ಓಯ್ತಾರೆ" ಅಂದಳು.

"ಅಂಗಾದ್ರೆ ಏನ್ ಮಾಡಾದು?"

"ಊಟ ಆಕಿ. ಊಟ ಐತೆ ಅಂದ್ರೆ ನಮ್ ಕಡೆ ಜನ ಎಲ್ಲಿಗೋಯ್ತಾರೆ?"

ಅದೇ ಪ್ಲಾನಾಯಿತು. ನಾಲ್ಕು ತಾಲೂಕಿನ ನಲವತ್ತು ಡೀಲರುಗಳ ಮನೆಗೆ ಬೆಳಗ್ಗೆಯೇ ಬಾಳೆಲೆ ಸಮೇತ ಊಟದ ಡಬ್ಬಿ ಹೋಗಬೇಕು. ಸಭೆ ಮುಗಿದು ಹನ್ನೆರಡೂವರೆಗೆ ಎಲ್ಲರೂ ಮೊಬೈಲಿನ ಮುಂದೆ ಒಟ್ಟಿಗೆ ಉಣ್ಣಬೇಕು. ಮೇಡಂ ಒಪ್ಪಿದರು, ಆದರೆ ಮಾತು ನೇರ: "ಕೊನೆಗೆ ಹತ್ತೇ ಜನ ಉಳಿದರೆ ಮುಂದಿನದು ಏಜೆನ್ಸಿಗೆ ಕೊಡ್ತೇನೆ. ಬೇಜಾರು ಮಾಡಬೇಡಿ."

ಚನ್ನರಾಯಪಟ್ಟಣದಲ್ಲಿ ಮುಚ್ಚಿದ್ದ ಛತ್ರವೊಂದರ ಅಡಿಗೆಮನೆ ಹಿಡಿದೆವು. ಹೋಳಿಗೆ, ಕೋಸಂಬರಿ, ಹುರುಳಿಕಾಯಿ ಪಲ್ಯ, ಚಿತ್ರಾನ್ನ, ಅನ್ನ, ಸಾರು. ಶಾಮಿಯಾನದ ಮೂವರೂ ಲೈಟಿನವನೂ ಡಬ್ಬಿ ಹೊತ್ತು ನಾಲ್ಕು ದಿಕ್ಕಿಗೆ ಹೊರಟರು. ನಾನು ಒಲೆಯ ಪಕ್ಕ ಮೊಬೈಲ್ ಇಟ್ಟುಕೊಂಡು ಕೂತೆ.

ಭಾಷಣಗಳೆಲ್ಲ ಮುಗಿದು ಮೇಡಂ "ಇನ್ನು ಊಟ ಮಾಡುವ" ಅಂದರು. ಒಂದು ಎಲೆ ಖಾಲಿ. ನುಗ್ಗೇಹಳ್ಳಿಯ ಡೀಲರು ಎಲೆ ತೊಳೆದು ಹಾಕಿಕೊಂಡು ಸುಮ್ಮನೆ ಕೂತಿದ್ದಾನೆ.

"ನಮ್ಗೆ ಡಬ್ಬಿ ಬಂದಿಲ್ಲ. ಪರ್ವಾಗಿಲ್ಲ, ನೀವ್ ಉಣ್ಣಿ ಸಾ."

ಪಟ್ಟಿ ತೆಗೆದು ನೋಡಿದೆ. ನುಗ್ಗೇಹಳ್ಳಿಯಲ್ಲಿ ಇಬ್ಬರು ಡೀಲರು, ಅಣ್ಣ ತಮ್ಮ. ಒಬ್ಬನದು ಪಂಪು, ಇನ್ನೊಬ್ಬನದು ಪೈಪು. ಕಂಪನಿಯವರ ಪಟ್ಟಿಯಲ್ಲಿ ಎರಡು ಹೆಸರಿದ್ದರೂ ವಿಳಾಸ ಒಂದೇ. ಒಂದೇ ಹೊಸಿಲಿನ ಅಣ್ಣತಮ್ಮಂದಿರಿಗೆ ಬೇರೆ ಬೇರೆ ಡಬ್ಬಿ ಕಳಿಸಿದರೆ ಮರ್ಯಾದೆಯಲ್ಲ ಎಂದು ನಾನೇ ಬುದ್ಧಿ ಓಡಿಸಿ, ಇಬ್ಬರ ಊಟವನ್ನೂ ಒಂದೇ ದೊಡ್ಡ ಡಬ್ಬಿಗೆ ತುಂಬಿಸಿದ್ದೆ. ಅಡಿಗೆಯವನ ಹೆಂಡತಿ ಈಗ ಹೇಳುತ್ತಾಳೆ: "ಅಯ್ಯೋ, ಅವ್ರು ಭಾಗ ಆಗಿ ಎಲ್ಡು ತಿಂಗ್ಳಾಯ್ತಲ್ಲ. ಮಧ್ಯಕ್ಕೆ ಗ್ವಾಡೆ ಆಕವ್ರೆ. ಮಾತಿಲ್ಲ."

ಡಬ್ಬಿ ಅಣ್ಣನ ಕಡೆ ಹೋಗಿತ್ತು. ಅದರಲ್ಲಿ ಅರ್ಧ ತಮ್ಮನದು ಅಂತ ನಲವತ್ತು ಮನೆಯ ಮುಂದೆ ಹೇಗೆ ಹೇಳುವುದು? "ತಪ್ಪು ನಂದು, ಅರ್ಧ ಗಂಟೇಲಿ ಬತ್ತೀನಿ" ಅಂತಷ್ಟೇ ಅಂದು, ಇನ್ನೊಂದು ಡಬ್ಬಿ ಕಟ್ಟಿಸಿಕೊಂಡು ಬೈಕ್ ಹತ್ತಿದೆ.

ಇಯರ್‌ಫೋನ್ ಕಿವಿಯಲ್ಲೇ ಇತ್ತು. ಮೇಡಂ "ಉಳಿದವರು ಶುರು ಮಾಡಿ" ಅನ್ನುತ್ತಿದ್ದಾರೆ. ಅರಕಲಗೂಡಿನ ಹಿರಿಯ ಡೀಲರೊಬ್ಬರ ದನಿ ಬಂತು: "ಒಂದೆಲೆ ಖಾಲಿ ಇರ್ಬೇಕಾರೆ ಎಂಗ್ ಮೇಡಂ ಕೈ ಇಕ್ಕಾದು? ಬರ್ಲಿ. ಕಾಯ್ತೀವಿ."

ಪಂಕ್ತಿಯ ಕಟ್ಟಳೆ ಅದು. ಎಲ್ಲರ ಎಲೆಗೂ ಬಡಿಸುವ ತನಕ ಯಾರೂ ಮುಟ್ಟುವುದಿಲ್ಲ. ಅದು ಮೊಬೈಲಿನಲ್ಲೂ ನಡೆಯುತ್ತದೆಂದು ನಾನೂ ಎಣಿಸಿರಲಿಲ್ಲ.

ಕೂತವರು ಸುಮ್ಮನಿದ್ದಾರೆಯೇ? ತಿಂಗಳುಗಟ್ಟಲೆ ಒಬ್ಬರ ಮುಖ ಒಬ್ಬರು ನೋಡಿರಲಿಲ್ಲ. ಬೋರ್‌ವೆಲ್, ಮೊಮ್ಮಗು, ಬಿದ್ದ ಹಲ್ಲು, ಎಲ್ಲ ವಿಚಾರ ಬಂತು. "ಏನ್ ಶಾಮಿಯಾನದೋರೇ, ಬ್ಯಾಳೆ ಈಗ ನೆನೆಯಾಕಿದ್ರಾ?" ಅಂತ ಹೊಳೆನರಸೀಪುರದವನೊಬ್ಬ ರೇಗಿಸಿದ. ಇನ್ನೊಬ್ಬ, "ನಮ್ಮನೆ ಬೆಕ್ಕು ಎಲೆ ಮುಂದೆ ಕೂತದೆ. ಅದೂ ಮುಟ್ಟಿಲ್ಲ ಕಣ್ರಿ, ಬಿರ್‌ಬಿರ್ನೆ ಬನ್ನಿ" ಅಂದ. ಬೈಕಿನ ಮೇಲೆ ಒಬ್ಬನೇ ನಕ್ಕೆ.

ನುಗ್ಗೇಹಳ್ಳಿ ಮುಟ್ಟಿ ನೋಡುತ್ತೇನೆ, ತಮ್ಮನ ಜಗಲಿ ಖಾಲಿ. ಗೋಡೆಯಾಚೆ ಅಣ್ಣನ ಜಗಲಿಯಲ್ಲಿ ಮಾತು ಕೇಳಿಸಿ ಆ ಕಡೆ ಹೋದೆ. ಅಣ್ಣ ತನ್ನ ಡಬ್ಬಿ ಪೂರ್ತಿ ಬಿಚ್ಚಿದಾಗ ಲೆಕ್ಕ ಅವನಿಗೇ ಹೊಳೆದಿತ್ತು. ತಮ್ಮನ ಬಾಗಿಲಿಗೆ ಹೋಗಿ, "ಇಬ್ಬರಿಗಾಗಷ್ಟು ಐತೆ, ಬಾರ್ಲಾ. ಊರೆಲ್ಲ ಅಸ್ಕಂಡು ಕೂತದೆ" ಅಂದನಂತೆ. ತಮ್ಮ ಮುಖ ಬಿಗಿದುಕೊಂಡೇ ಬಂದು ಪಕ್ಕದಲ್ಲಿ ಎಲೆ ಹಾಕಿಕೊಂಡಿದ್ದ. ಹೋಳಿಗೆ ಬಡಿಸಿದ ಅಣ್ಣನಿಗೆ, "ತುಪ್ಪ ನಿಂದೇ ಆಕು, ಕಂಪನೀದು ಸಾಲ್ದು" ಅಂದ. ಎರಡು ತಿಂಗಳಲ್ಲಿ ತಮ್ಮ ಆಡಿದ ಮೊದಲ ಮಾತು ಅದು.

ಅಣ್ಣ ನನ್ನ ಕಡೆ ನೋಡಿದ. "ತಂದಿರಾದ್ನ ನೀವೇ ಬಿಚ್ಕಂಡು ಕೂತ್ಕಳಿ. ನಿಮ್ಮಿಂದ್ಲೇ ತಡ ಆಗಿರಾದು."

ಜಗಲಿಯ ಆ ತುದಿಗೆ ಕೂತು ಮಾಸ್ಕ್ ಇಳಿಸಿದೆ. ಮೇಡಂ, "ಈಗಾದರೂ ಶುರು ಮಾಡುವನಾ?" ಅಂದರು. ಎಲ್ಲರ ಕೈಯೂ ಒಟ್ಟಿಗೆ ಎಲೆಗೆ ಇಳಿಯಿತು.

ಮಾರನೆಯ ದಿನ ಮೇಡಂ ಫೋನು. "ಮುಕ್ಕಾಲು ಗಂಟೆ ತಡ. ಆದರೆ ಒಬ್ಬರೂ ಎದ್ದು ಹೋಗಲಿಲ್ಲ ಅಲ್ವಾ? ಮುಂದಿನದೂ ನೀವೇ ಮಾಡಿ." ಲೈಟಿನವನಿಗೆ ಹೇಳಿದೆ. "ಸರಿ ಬುಡಣ್ಣ" ಅಂದು, ಅವತ್ತೇ ವೈರು ಬಿಚ್ಚಿ ಒರೆಸುತ್ತಾ ಕೂತ. ಯಾರೂ ಬಿಟ್ಟು ಹೋಗಲಿಲ್ಲ.

ಅದನ್ನು ಕೇಳಿ ಇನ್ನೆರಡು ಕಂಪನಿ ಡಬ್ಬಿ ಊಟ ಮಾಡಿಸಿದವು. ಕಾಯಿಲೆ ಇಳಿದ ಮೇಲೆ ಹಾಸನದಲ್ಲಿ ಮೊದಲ ಸಲ ಜನ ಕೂಡಿಸಿದಾಗ, ಆರಡಿಗೊಂದು ಕುರ್ಚಿಯಂತೆ ನಾನೇ ಟೇಪು ಹಿಡಿದು ಹಾಕಿದ್ದೆ. ಭಾಷಣ ಮುಗಿಯುವಷ್ಟರಲ್ಲಿ ಎಲ್ಲ ಕುರ್ಚಿಯೂ ಹತ್ತಿರ ಬಂದಿದ್ದವು. ಯಾರು ಎಳೆದರೋ ಒಬ್ಬರೂ ಒಪ್ಪಿಕೊಳ್ಳಲಿಲ್ಲ. ನುಗ್ಗೇಹಳ್ಳಿಯ ಗೋಡೆಯೇನೂ ಬೀಳಲಿಲ್ಲ. ಅಣ್ಣತಮ್ಮ ಒಂದೇ ಬೈಕಲ್ಲಿ ಮೀಟಿಂಗಿಗೆ ಬರುತ್ತಾರೆ, ಬೇರೆ ಬೇರೆ ಸಾಲಿನಲ್ಲಿ ಕೂರುತ್ತಾರೆ. ನಾನು ಕಂಪನಿಗಳಿಗೆ ಕೊಡುವ ಫಾರಂನಲ್ಲಿ ಹೆಸರು, ಊರು ಆದ ಮೇಲೆ 'ಮನೆಯಲ್ಲಿ ಒಲೆ ಎಷ್ಟು' ಎಂದು ಒಂದು ಸಾಲಿದೆ. ಆಫೀಸಿನವರು ನಗುತ್ತಾರೆ. ತುಂಬಿಸದೆ ನಾನು ಬಿಡುವುದಿಲ್ಲ.

ಈಗ ನನಗೆ ಒಂಬತ್ತು ಕಂಪನಿಗಳ ಕೆಲಸವಿದೆ. ಎರಡು ಲಾರಿ, ಒಂದು ಜನರೇಟರು, ಎರಡು ದೊಡ್ಡ ಪರದೆ, ಚನ್ನರಾಯಪಟ್ಟಣದಲ್ಲಿ ಒಂದು ಗೋಡೌನು. ಕೆಲಸಕ್ಕೆ ಹದಿನಾಲ್ಕು ಜನ.