ಕಡಲಿಗೆ ಕಳಿಸಿದ ಮಣ್ಣು

ನಮ್ಮಣ್ಣ ಸಮುದ್ರದ ಉಪ್ಪು ಅಳೆಯುವ ನೌಕರಿಗೆ ಸೇರಿದಾಗ ಬೆಂಗೇರಿಯ ನಮ್ಮ ಓಣಿಯಲ್ಲಿ ನಗದವರಿರಲಿಲ್ಲ. ಧಾರವಾಡದಲ್ಲಿ ರಸಾಯನಶಾಸ್ತ್ರ ಓದಿದ ಹುಡುಗ, ಕಡಲನ್ನು ಒಮ್ಮೆಯೂ ಕಂಡವನಲ್ಲ. ಅರವತ್ತರ ದಶಕದ ಆರಂಭದಲ್ಲಿ ಸರಕಾರದ ಸಂಶೋಧನಾ ಹಡಗೊಂದಕ್ಕೆ ಜನ ಬೇಕಾಗಿದ್ದರು. ಇವನು ಅರ್ಜಿ ಹಾಕಿದ, ಆಯ್ಕೆಯೂ ಆಗಿಬಿಟ್ಟ.

"ಉಪ್ಪು ನೋಡಾಕ ಅಷ್ಟು ದೂರ ಹೋಗಬೇಕೇನೋ? ಅಡಗಿ ಮನ್ಯಾಗ ಬಾ, ನಾ ತೋರಸ್ತೇನಿ," ಎಂದು ಅವ್ವ ಕಾಡಿಸುತ್ತಿದ್ದಳು.

ರಜೆಗೆ ಬಂದಾಗಲೆಲ್ಲ ಅವನು ತಾಳ್ಮೆಯಿಂದ ತಿಳಿಸಿ ಹೇಳುತ್ತಿದ್ದ. ಹಡಗನ್ನು ನಡುಗಡಲಲ್ಲಿ ನಿಲ್ಲಿಸಿ, ತಂತಿಗೆ ಕಟ್ಟಿದ ಬಾಟಲಿಗಳನ್ನು ಇಳಿಬಿಟ್ಟು, ಒಂದೊಂದು ಆಳದ ನೀರನ್ನು ಮೇಲೆತ್ತಿ ಉಪ್ಪೆಷ್ಟು, ಪ್ರಾಣವಾಯು ಎಷ್ಟು ಎಂದು ಪರೀಕ್ಷಿಸುತ್ತಾರೆ. ಮಳೆಗಾಲದಲ್ಲಿ ನಮ್ಮ ಕರಾವಳಿಯ ಬಳಿ ತಳದ ತಣ್ಣೀರು ಮೇಲೇಳುತ್ತದೆ, ಅದರಲ್ಲಿ ಪ್ರಾಣವಾಯು ಕಡಿಮೆ, ಮೀನುಗಳು ಜಾಗ ಬಿಟ್ಟು ಹೋಗುತ್ತವೆ. "ನಮ್ಮ ದೇಶದ ಸುತ್ತ ಕಡಲಾಗ ಏನೈತಿ ಅನ್ನೋದ ನಮಗ ಗೊತ್ತಿಲ್ಲವ್ವಾ. ಗೊತ್ತಿಲ್ಲದಂಗ ಬಲಿ ಬೀಸಕೋತ ಹೋದ್ರ ಒಂದಿನ ಮೀನ ಉಳಿಯಂಗಿಲ್ಲ," ಅನ್ನುತ್ತಿದ್ದ. ಅವ್ವ ಎಲ್ಲ ಅರ್ಥವಾದವಳಂತೆ ತಲೆಯಾಡಿಸಿ ಅವನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕುತ್ತಿದ್ದಳು.

ಅವನು ಹಡಗಿನಲ್ಲೇ ತೀರಿಕೊಂಡ. ಹೊಟ್ಟೆನೋವೆಂದು ಮಲಗಿದವನಿಗೆ ಅಪೆಂಡಿಕ್ಸ್ ಒಡೆದಿತ್ತು. ದಂಡೆ ಬಹಳ ದೂರವಿತ್ತು, ಶವ ಇಟ್ಟುಕೊಳ್ಳುವ ಅನುಕೂಲವಿರಲಿಲ್ಲ. ಪ್ರಾರ್ಥನೆ ಮಾಡಿ ಕಡಲಿಗೇ ಒಪ್ಪಿಸಿದರು. ನಮಗೆ ತಂತಿ ಬರುವಷ್ಟರಲ್ಲಿ ಎಲ್ಲ ಮುಗಿದುಹೋಗಿತ್ತು.

ನಮ್ಮ ಕ್ರೈಸ್ತರಲ್ಲಿ ಪೆಟ್ಟಿಗೆಯನ್ನು ಕುಣಿಗೆ ಇಳಿಸಿದ ಮೇಲೆ ಹತ್ತಿರದವರೆಲ್ಲ ಒಂದೊಂದು ಹಿಡಿ ಮಣ್ಣು ಹಾಕುತ್ತಾರೆ. ಅಪ್ಪ ಹೋದಾಗ ಅವ್ವ ಹಾಕಿದ್ದಳು. ಮಗನಿಗೆ ಹಾಕಲಾಗಲಿಲ್ಲ. ಪಾದ್ರಿಗಳು ಬಂದು, ಕಡಲೂ ದೇವರದೇ ಎಂದು ಸಮಾಧಾನ ಹೇಳಿದರು.

"ಖರೇರಿ. ಆದ್ರ ನನ್ನ ಕೈ ಖಾಲಿನ ಉಳೀತಲ್ರಿ," ಎಂದಳು ಅವ್ವ.

ಅವ್ವ ಅನ್ನ ನೀರು ಬಿಟ್ಟಳು. ನನಗೆ ಆ ಹಡಗಿನ ಮೇಲೆ, ಆ ಉಪ್ಪಿನ ಮೇಲೆ, ಇಡೀ ಅರಬ್ಬೀ ಸಮುದ್ರದ ಮೇಲೆ ಸಿಟ್ಟು. ಶಾಲೆಯಲ್ಲಿ ಭೂಗೋಳ ಕಲಿಸುತ್ತಿದ್ದೆ, ನಕ್ಷೆಯ ನೀಲಿ ಬಣ್ಣ ಕಂಡರೆ ಸಂಕಟವಾಗುತ್ತಿತ್ತು.

ಅಣ್ಣನ ಟ್ರಂಕು ತಲುಪಿಸಲು ಹಡಗಿನ ಗೆಳೆಯನೊಬ್ಬ ಬಂದ, ಕಾರವಾರದ ಕಡೆಯವನು. ಅವ್ವ ಅಪ್ಪನ ಸಮಾಧಿಯ ಪಕ್ಕದ ಎರೆಮಣ್ಣನ್ನು ಸಣ್ಣ ಬಿಳಿ ಚೀಲದಲ್ಲಿ ತುಂಬಿ, ಬಾಯಿ ಹೊಲಿದು ಅವನ ಕೈಗಿತ್ತಳು.

"ನೀವು ಮತ್ತ ಆ ಕಡೆ ಹೋಗತೀರಲ್ಲಪ್ಪಾ? ಅವನ್ನ ಬಿಟ್ಟ ಜಾಗಾದಾಗ ಇದನ್ನ ಹಾಕು. ನಾನ ಹಾಕಿದಂಗ ಆಗತೈತಿ."

ಅವನು ಎರಡೂ ಕೈಯೊಡ್ಡಿ ತೆಗೆದುಕೊಂಡ. ಅಕ್ಷಾಂಶ ರೇಖಾಂಶ ನೋಡಿಕೊಂಡು ಅದೇ ನೀರಿಗೆ ಮರಳುವುದು ಅವರ ಕಸುಬೇ ಆಗಿತ್ತು. ಆ ಸಂಜೆ ಅವ್ವ ಊಟ ಮಾಡಿದಳು. ಮುಂದೆಯೂ ಕೆಲಸದ ನಡುವೆ, "ಈಗ ಹಡಗ ಹೊಂಟಿರಬೇಕ ನೋಡು," ಅನ್ನುತ್ತಿದ್ದಳು.

ಮರುವರ್ಷ ಗೆಳೆಯ ಮತ್ತೆ ಬಂದ. ಚೀಲ ಅವನ ಕೈಯಲ್ಲಿತ್ತು, ಹೊಲಿಗೆ ಬಿಚ್ಚಿರಲಿಲ್ಲ. ಆ ಕಡೆಯ ಸಮೀಕ್ಷೆ ನಿಲ್ಲಿಸಿ, ಹಡಗನ್ನು ದಂಡೆಯ ಹತ್ತಿರದ ಮೀನುಗಾರಿಕೆಯ ನೀರಿಗೆ ಹಾಕಿದ್ದರಂತೆ. ಇವನು ಮೇಲಧಿಕಾರಿಗಳ ಹತ್ತಿರ ಹೋಗಿ ಕೇಳಿಕೊಂಡನಂತೆ. ಒಬ್ಬರ ಸಲುವಾಗಿ ಹಡಗು ತಿರುಗಿಸಲಾಗದು ಎಂದರಂತೆ.

"ಬೇರೆ ಎಲ್ಲಾದರೂ ಹಾಕಿಬಿಡಬಹುದಿತ್ತು, ಅಮ್ಮಾ," ಎಂದ. "ಆದರೆ ಒಂದು ಕಡೆಯ ನೀರನ್ನು ಇನ್ನೊಂದು ಕಡೆಯದೆಂದು ನಿಮ್ಮ ಮಗ ಯಾವತ್ತೂ ಬರೆದವನಲ್ಲ. ಅವನ ವಿಷಯದಲ್ಲೇ ನಾನು ಸುಳ್ಳು ಮಾಡುವುದು ಹೇಗೆ?"

ಅಣ್ಣ ಇದ್ದಿದ್ದರೆ ಅವನ ಬೆನ್ನು ತಟ್ಟುತ್ತಿದ್ದ. ನನಗೆ ಮಾತ್ರ ಮೈ ಉರಿದುಹೋಯಿತು, ಒಳಗೆ ಹೋಗಿ ಅತ್ತೆ.

ಅವ್ವ ಚೀಲವನ್ನು ಮಡಿಲಲ್ಲಿಟ್ಟುಕೊಂಡು ಸವರುತ್ತ ಕೂತಳು. ಎದ್ದು ಅವನಿಗೆ ಚಹಾ ಮಾಡಿಕೊಟ್ಟಳು. ಹೊರಡುವಾಗ ಕಾಲಿಗೆ ಬಗ್ಗಿದವನ ತಲೆಯ ಮೇಲೆ ಕೈಯಿಟ್ಟಳು.

"ಹಾಕಿ ಬಂದೆ ಅಂತ ಸುಳ್ಳ ಹೇಳಬೇಕಿತ್ತಪ್ಪಾ," ಎಂದಳು. "ನಾ ನಂಬತಿದ್ದೆ."