ದೂರ ಕಾಣುವ ಕ್ಯಾಮೆರಾ

ಹಳೆಯ ಫಿಲಂ ಕ್ಯಾಮೆರಾದ ಎರಡು ಲೆನ್ಸ್ ನನ್ನಲ್ಲಿದ್ದವು, ಕೈಯಿಂದ ತಿರುಗಿಸಿ ಫೋಕಸ್ ಮಾಡುವಂಥವು. ಅವಕ್ಕೆ ಒಗ್ಗುವ ಡಿಜಿಟಲ್ ಕ್ಯಾಮೆರಾದ ಬಾಡಿ ಆರಿಸಲು ನನಗೆ ಆರು ತಿಂಗಳು ಹಿಡಿಯಿತು. ವೈಟ್‌ಫೀಲ್ಡಿನ ಆಫೀಸಿನಲ್ಲಿ ಕೂತು, ಸಂಬಳದ ಕೆಲಸಕ್ಕೆ ಎಂದೂ ತೋರದ ಶ್ರದ್ಧೆಯಿಂದ ಎಕ್ಸೆಲ್ ಶೀಟ್ ತುಂಬಿಸಿದೆ. ಪಕ್ಕದ ಸೀಟಿನ ಗೆಳೆಯ ತನ್ನ ಹಳೆಯ ಡಿಎಸ್‌ಎಲ್‌ಆರ್ ತಂದು, "ಸುಮ್ನೆ ಇಟ್ಕೋ ಮಗಾ" ಎಂದ. ಅದರ ಬಾಡಿ ದಪ್ಪ, ನನ್ನ ಲೆನ್ಸು ಚಿತ್ರ ಹಿಡಿಯುವ ಸೆನ್ಸರಿನಿಂದ ದೂರ ಕೂರುತ್ತಿತ್ತು. ಹಾಗಾಗಿ ಹತ್ತಡಿ ಆಚೆಗಿನದೆಲ್ಲ ಮಸುಕು.

"ದೂರದ್ದು ಕಾಣ್ದಿರೋ ಕ್ಯಾಮೆರಾ ಯಾರಿಗ್ ಬೇಕು ಗುರು?" ಎಂದು ವಾಪಸು ಕೊಟ್ಟೆ. ದೂರದೃಷ್ಟಿಯ ಮನುಷ್ಯ ನಾನು. ದೂರದ್ದೂ ಕಾಣುವ ತೆಳ್ಳಗಿನ ಮಿರರ್‌ಲೆಸ್ ಬಾಡಿಯನ್ನೇ ಹೊಸದಾಗಿ ಕೊಂಡೆ.

ಭಾನುವಾರ ವರ್ತೂರಿನ ನನ್ನ ಬಾಡಿಗೆ ಮನೆಯ ಟೆರೇಸ್ ಹತ್ತಿ, ಲೆನ್ಸಿನ ರಿಂಗನ್ನು ಕೊನೆಯ ಗುರುತಿಗೆ, ಅಂದರೆ ಅನಂತಕ್ಕೆ, ತಿರುಗಿಸಿದೆ. ಪರದೆಯ ಮೇಲೆ ಬರೀ ಮಸುಕು. ನೀರಿನ ಟ್ಯಾಂಕ್ ತುಂಬಿತೇ ಎಂದು ನೋಡಲು ಬಂದಿದ್ದ ಮನೆ ಓನರ್ ಪಕ್ಕದಲ್ಲಿ ನಿಂತರು.

"ಏನ್ ತೆಗೀತಿದ್ದೀರಾ ಸಾರ್?"

"ಕೆರೆ."

"ಕೆರೆ ಎಲ್ ಕಾಣ್ತದೆ ಸಾರ್? ಅದು ನಮ್ ತಮ್ಮನ ಬಿಲ್ಡಿಂಗು. ಈ ಕಡೇದು ನಮ್ ಬಾಮೈದಂದು. ಹಿಂದ್ಗಡೇದು ನಂದೇ."

ರಿಂಗನ್ನು ಹಿಂದಕ್ಕೆ ತಿರುಗಿಸುತ್ತಾ ಬಂದೆ. ಎಂಟಡಿಗೆ ಬಂದಾಗ ತಮ್ಮನ ಬಿಲ್ಡಿಂಗು, ಅಲ್ಲಿ ಒಣಗಲು ಹಾಕಿದ್ದ ಬನಿಯನ್ನಿನ ಒಂದೊಂದು ತೂತಿನ ಸಮೇತ, ಸ್ಪಷ್ಟವಾಗಿ ಮೂಡಿತು.

ಗೆಳೆಯ ಪುಕ್ಕಟೆ ಕೊಟ್ಟಿದ್ದ ಕ್ಯಾಮೆರಾಕ್ಕೂ ಅಷ್ಟು ದೂರ ಕಾಣುತ್ತಿತ್ತು.