ಗುಮಾಸ್ತನ ಎಲೆ

ಹಳೆಯ ಕಾಲದ ಟೀವಿ ಕಾದಾಗ ಒಂದು ವಾಸನೆ ಬರುತ್ತಿತ್ತು, ನಿಮಗೆ ನೆನಪಿದೆಯೋ ಇಲ್ಲವೋ. ಬಿಸಿಲಿಗೆ ಬೆಂದ ಧೂಳಿನಂಥ, ಇಸ್ತ್ರಿ ಹಾಕಿದ ಬಟ್ಟೆಯ ಮಡಿಕೆಯಂಥ ವಾಸನೆ. ಈಗಿನ ಗೋಡೆ ಟೀವಿಗಳಿಗೆ ವಾಸನೆಯೇ ಇಲ್ಲ. ಮೊನ್ನೆ ತಿಪಟೂರಿನಲ್ಲಿ ರಿಪೇರಿ ಅಂಗಡಿಯೊಂದರ ಮುಂದೆ ಬಸ್ಸಿಗೆ ಕಾಯುತ್ತ ನಿಂತಿದ್ದೆ. ಒಳಗೆ ಯಾರೋ ಹಳೆಯ ಡಬ್ಬಿಯೊಂದನ್ನು ಬಿಚ್ಚಿ ಕರೆಂಟು ಕೊಟ್ಟಿರಬೇಕು, ಆ ವಾಸನೆ ಸೀದಾ ಬಂದು ಮೂಗಿಗೆ ತಗುಲಿತು. ಬಸ್ಸು ಬಂತು, ಹೋಯಿತು. ನಾನು ಮಾತ್ರ ಶೆಟ್ಟಿಕೆರೆ ಕಡೆಯ ನಮ್ಮ ಮನೆಯ ನಡುಮನೆಯಲ್ಲಿ ಚಾಪೆಯ ಮೇಲೆ ಕೂತಿದ್ದೆ. ತಲೆಯ ಮೇಲೆ ಅಟ್ಟ, ಅಟ್ಟದ ತುಂಬ ಕೊಬ್ಬರಿಯಾಗಲು ಬಿಟ್ಟ ಕಾಯಿ. ತಿಂಗಳುಗಟ್ಟಲೆ ಕತ್ತಲಲ್ಲಿ ಮಲಗಿ ಒಳಗಿನ ನೀರನ್ನು ತಾವೇ ಕುಡಿದು ಒಣಗುವ ಆ ಕಾಯಿಗಳ ಸಿಹಿ ಘಾಟು ಹಲಗೆಯ ಸಂದುಗಳಿಂದ ಇಳಿದು, ಟೀವಿಯ ಬಿಸಿ ವಾಸನೆಯೊಂದಿಗೆ ಬೆರೆಯುತ್ತಿತ್ತು. ನನಗೆ ಇವತ್ತಿಗೂ ಕಥೆ ಎಂದರೆ ಅದೇ ವಾಸನೆ.

ಆ ವರ್ಷ ವಾರಕ್ಕೊಂದು ಸಂಜೆ ಒಂದು ಪತ್ತೇದಾರಿ ಧಾರಾವಾಹಿ ಬರುತ್ತಿತ್ತು. ಎರಡನೆಯ ಮಹಾಯುದ್ಧ ಶುರುವಾಗುವುದಕ್ಕೆ ಸ್ವಲ್ಪ ಮುಂಚಿನ ಕಥೆ. ಒಂದು ಬಂದರು, ಅಲ್ಲಿಯ ಕಚೇರಿಯಲ್ಲಿ ಒಬ್ಬ ಬಡಕಲು ಗುಮಾಸ್ತ. ಯುದ್ಧದ ಹಡಗುಗಳು ಎಲ್ಲಿ ನಿಲ್ಲುತ್ತವೆಂದು ತೋರಿಸುವ ನಕ್ಷೆ ಅವನ ಕಪಾಟಿನಲ್ಲಿರುತ್ತದೆ. ಫೋಟೋ ಹಿಡಿಯುವವನೊಬ್ಬ, ಟೀಪುಡಿ ಮಾರುವ ಸೇಟುವೊಬ್ಬ ಆ ಕಚೇರಿಯ ಸುತ್ತ ಸುಳಿಯುತ್ತಿರುತ್ತಾರೆ. ಒಂದು ಬೆಳಿಗ್ಗೆ ನೋಡಿದರೆ ನಕ್ಷೆಯೂ ಇಲ್ಲ, ಗುಮಾಸ್ತನೂ ಇಲ್ಲ. ಶತ್ರುಗಳಿಗೆ ಮಾರಿಕೊಂಡು ಓಡಿಹೋದ ಎಂದು ಊರೆಲ್ಲ ಆಡಿಕೊಳ್ಳುತ್ತದೆ, ಉದ್ದ ಕೋಟಿನ ಪತ್ತೇದಾರನೊಬ್ಬ ಮಾತ್ರ ನಂಬುವುದಿಲ್ಲ. ಇಷ್ಟು ಕಥೆಗೆ ನಮ್ಮ ನಡುಮನೆ ನ್ಯಾಯದ ಕಟ್ಟೆಯಾಗಿಬಿಡುತ್ತಿತ್ತು. "ಆ ಫೋಟೋ ಹಿಡಿಯೋನೇ ಕಣ್ಲಾ ಗೂಢಚಾರ. ಕಣ್ಣು ನೋಡ್ಲಾ, ಕಾಯಿ ಕದಿಯಾಕ್ ಬಂದೋನ್ ಕಣ್ಣಿದ್ದಂಗವೆ" ಎಂದು ತಾತ ಮೀಸೆ ತಿರುವುತ್ತಿದ್ದರು. ಪಕ್ಕದ ಮನೆಯ ರಂಗಣ್ಣ ಒಪ್ಪುತ್ತಿರಲಿಲ್ಲ. "ಟೀಪುಡಿ ಸೇಟು ಕಣಣ್ಣ. ಅಷ್ಟೊಂದು ನಗೋರ್ನ ನಂಬಬಾರ್ದು." "ಹಂಗಾರೆ ಮೊದ್ಲು ನಿನ್ನ ಹಿಡಿಸ್ಬೇಕಲ್ಲೋ" ಎನ್ನುತ್ತಿದ್ದಳು ಅಜ್ಜಿ ಅಡುಗೆಮನೆಯಿಂದಲೇ. ಗೂಢಚಾರ ಎಂಬ ಪದವನ್ನು ನಾನು ಕಲಿತದ್ದು ಹಾಗೆ, ನಗುವಿನ ನಡುವೆ.

ನಗದೆ ಕೂರುತ್ತಿದ್ದವಳು ದೊಡ್ಡಜ್ಜಿ ಒಬ್ಬಳೇ. ದೊಡ್ಡಜ್ಜಿ ಎಂದರೆ ತಾತನ ಅಣ್ಣನ ಹೆಂಡತಿ, ದಂಡಿನಶಿವರದ ಕಡೆಯ ಹೆಣ್ಣು. ಅವಳು ಮದುವೆಯಾಗಿ ಬಂದಾಗ ತಾತ ಚಡ್ಡಿ ಹಾಕಿಕೊಳ್ಳುವ ಹುಡುಗ, ಅವರಿಗೆ ತಲೆ ಬಾಚಿ ಶಾಲೆಗೆ ಕಳಿಸಿದವಳು ಅವಳೇ. ಬಂದು ಹೆಚ್ಚು ಕಾಲವಾಗಿರಲಿಲ್ಲ, ಗಂಡ ನಂಜಪ್ಪ ಕೊಬ್ಬರಿ ವ್ಯಾಪಾರಿಯೊಬ್ಬರ ಜೊತೆ ರೈಲು ಹತ್ತಿ ಬೊಂಬಾಯಿಗೆ ಹೋದರು. ಅದೂ ಯುದ್ಧಕ್ಕೆ ಮುಂಚಿನ ಮಾತೇ. ಹಡಗು ನಿಲ್ಲುವ ಕಡೆ ಕೆಲಸಕ್ಕೆ ಸೇರಿದ್ದಾರೆ ಎಂದು ಒಂದು ಸಲ ಯಾರ ಬಾಯಲ್ಲೋ ಸುದ್ದಿ ಬಂತಂತೆ. ಆಮೇಲೆ ಸುದ್ದಿಯೂ ಇಲ್ಲ, ಮನುಷ್ಯನೂ ಇಲ್ಲ. ಅಲ್ಲೇ ಒಬ್ಬಳನ್ನು ಕಟ್ಟಿಕೊಂಡಿದ್ದಾನೆ ಎಂದು ಊರಿನವರು ತಾವೇ ತೀರ್ಪು ಕೊಟ್ಟುಕೊಂಡು ನಿಶ್ಚಿಂತರಾದರು. ದೊಡ್ಡಜ್ಜಿ ಮಾತ್ರ ದಿನಾ ಬೆಳಿಗ್ಗೆ ಎದ್ದು ಕಾಸಗಲ ಕುಂಕುಮ ಇಟ್ಟುಕೊಂಡಳು, ಬಳೆ ಒಡೆದರೆ ಸಂಜೆಯೊಳಗೆ ಬೇರೆ ತೊಟ್ಟಳು. ಹಾಗೆಯೇ ಅವಳ ಕೂದಲು ನೆರೆಯಿತು.

ಮಾರ್ಲಮಿ ಅಮಾವಾಸ್ಯೆಗೆ ನಮ್ಮಲ್ಲಿ ಹಿರಿಯರಿಗೆ ಎಡೆ ಇಡುತ್ತಾರೆ. ಸತ್ತ ಒಬ್ಬೊಬ್ಬರ ಹೆಸರಿಗೂ ಒಂದೊಂದು ಬಾಳೆಲೆ, ಅವರವರಿಗೆ ಇಷ್ಟವಾದ ಅಡುಗೆ, ಹೊಸ ಪಂಚೆ ಸೀರೆ. ಧೂಪ ಹಾಕಿ, ಎಲ್ಲರೂ ಹೊರಗೆ ಬಂದು, ಬಾಗಿಲು ಮುಚ್ಚಿ ಜಗಲಿಯ ಮೇಲೆ ಕಾಯಬೇಕು, ಅವರು ಬಂದು ಉಂಡು ಹೋಗುವ ತನಕ. ಆ ಸಾಲಿನಲ್ಲಿ ನಂಜಪ್ಪನವರಿಗೆ ಎಂದೂ ಎಲೆ ಇರಲಿಲ್ಲ. ಯಾಕೆಂದು ಕೇಳಿದ್ದಕ್ಕೆ ಅಜ್ಜಿ ಒಮ್ಮೆ ಅವರೆಕಾಯಿ ಸುಲಿಯುತ್ತ ತಗ್ಗಿದ ದನಿಯಲ್ಲಿ ಹೇಳಿದ್ದಳು: "ಎಡೆ ಇಟ್ರೆ ಅಕ್ಕನ ಕುಂಕುಮ ಅಳಿಸ್ಬೇಕಾಯ್ತದೆ ಕಣೇ. ಇಡದಿದ್ರೆ, ಭಾವ ಇಲ್ದೇ ಹೋಗಿದ್ರೆ, ಹಸ್ಕೊಂಡೇ ಅಲೀತಿರ್ತಾರೆ. ಯಾವ್ದನ್ನ ಮಾಡಾದು ಹೇಳು." ಮನೆಯಲ್ಲಿ ಎಲ್ಲರಿಗೂ ಗೊತ್ತಿದ್ದ, ಯಾರೂ ಬಾಯಿಬಿಡದ ಸಂಕಟ ಅದು. ಅದನ್ನು ಬಿಡಿಸಬಲ್ಲವಳು ದೊಡ್ಡಜ್ಜಿಯೊಬ್ಬಳೇ, ಅವಳು ಬಿಡಿಸಿರಲಿಲ್ಲ.

ಧಾರಾವಾಹಿಯ ಅರ್ಧಕ್ಕೆ ಬಂದಾಗ ಗುಮಾಸ್ತ ಸಿಕ್ಕಿದ. ಓಡಿಹೋಗಿರಲಿಲ್ಲ. ಗೋದಾಮಿನ ಮೂಟೆಗಳ ಹಿಂದೆ ಹೆಣವಾಗಿ ಬಿದ್ದಿದ್ದ, ಯಾರೋ ಕೊಂದು ನೂಕಿದ್ದರು. "ನೋಡ್ದಾ! ನಾನ್ ಹೇಳ್ಲಿಲ್ವಾ!" ಎಂದು ತಾತ ತೊಡೆ ತಟ್ಟಿದರು. ರಂಗಣ್ಣ ಸೇಟುವಿನ ಮೇಲೆ ಹೊಸ ಆರೋಪ ಹೊರಿಸಿದ. ಆ ಗದ್ದಲದಲ್ಲಿ ದೊಡ್ಡಜ್ಜಿ ಎದ್ದು ಹೋದದ್ದನ್ನು ನಾವು ಗಮನಿಸಲಿಲ್ಲ. ಬಚ್ಚಲಿನಲ್ಲಿ ನೀರು ಸುರಿಯುವ ಸದ್ದು ಕೇಳಿತು. ಬಂದಳು, ತಲೆಯಿಂದ ನೀರು ತೊಟ್ಟಿಕ್ಕುತ್ತಿತ್ತು. "ಇದೇನಕ್ಕ ಸಂಜೇಲಿ ತಲೆಗ್ ನೀರು?" ಎಂದಳು ಅಜ್ಜಿ. "ಸಾವು ಕೇಳಿದ್ ಮ್ಯಾಲೆ ನೀರು ಹಾಕ್ಕಬ್ಯಾಡ್ವಾ?" ರಂಗಣ್ಣ ಟವೆಲನ್ನು ಬಾಯಿಗೆ ತುರುಕಿಕೊಂಡು ನಕ್ಕ. "ಅದು ನೆಂಟ್ರು ಸತ್ರೆ ಅಲ್ವಾ ದೊಡ್ಡಮ್ಮ? ಅವ್ನು ನಿಮಗ್ ಯಾವ್ ಕಡೆ ನೆಂಟ?" "ವಾರವಾರ ತಪ್ಪದೆ ಮನೆಗ್ ಬತ್ತಿದ್ನಲ್ಲಪ್ಪ, ನಿನ್ನಂಗೆ" ಎಂದು ದೊಡ್ಡಜ್ಜಿ ಸೆರಗಿನಿಂದ ಮುಖ ಒರೆಸಿಕೊಂಡಳು. ಕುಂಕುಮ ಕರಗಿ ಹುಬ್ಬಿನ ತನಕ ಇಳಿದಿತ್ತು. ಒಳಗೆ ಹೋಗಿ, ಮತ್ತೆ ದುಂಡಗೆ ಇಟ್ಟುಕೊಂಡು ಬಂದು ಕೂತಳು.

ಆಮೇಲಿನ ವಾರಗಳಲ್ಲಿ ನಾವು ಗೂಢಚಾರನ ಹಿಂದೆ ಓಡಿದೆವು. ಬಂದರಿನ ಮಂಜು, ದೀಪದ ಕಂಬಗಳು, ದೂರದಲ್ಲಿ ಕೂಗುವ ಹಡಗು, ಎಲ್ಲವೂ ಕಪ್ಪು ಬಿಳುಪಿನಲ್ಲಿ ಕನಸಿನಂತೆ ತೇಲುತ್ತಿದ್ದವು. ಎಷ್ಟೋ ಸಲ ನಾನು ನಿದ್ದೆಯೊಳಗೂ ಅದೇ ಬಂದರಿನಲ್ಲಿ ನಡೆದಿದ್ದೇನೆ. ಅಲ್ಲಿಯ ಕಂಬಗಳು ನಮ್ಮ ತೋಟದ ತೆಂಗಿನ ಮರಗಳಾಗಿರುತ್ತಿದ್ದವು. ಕೊನೆಗೆ ಸಿಕ್ಕಿಬಿದ್ದವನು ಫೋಟೋದವನೋ ಸೇಟುವೋ, ಈಗ ಎಷ್ಟು ತಿಣುಕಿದರೂ ನೆನಪಾಗುತ್ತಿಲ್ಲ. ನಕ್ಷೆ ಕೊಡಲು ಒಪ್ಪದ್ದಕ್ಕೇ ಗುಮಾಸ್ತನನ್ನು ಕೊಂದರು ಎಂಬುದಷ್ಟು ನೆನಪಿದೆ, ಯಾಕೆಂದರೆ ದೊಡ್ಡಜ್ಜಿ ಅದನ್ನೇ ಮತ್ತೆ ಕೇಳಿ ಖಚಿತ ಮಾಡಿಕೊಂಡಳು. "ಹಂಗಾರೆ ಅವ್ನು ಯಾರ್ನೂ ಬುಟ್ಟು ಓಡೋಗಿರ್ಲಿಲ್ಲ ತಾನೆ?" "ಇಲ್ಲ ಅತ್ಗೆ" ಎಂದರು ತಾತ. "ಎಲ್ರೂ ಕೊಂದೋನ್ನೇ ಹುಡುಕುದ್ರು. ಸತ್ತೋನಿಗೆ ಅತ್ತೋರು ಒಬ್ರಾದ್ರೂ ಇದ್ರಾ? ಈ ಮಾರ್ಲಮೀಲಿ ಅವನಿಗೊಂದು ಎಡೆ ಇಡ್ತೀನಿ ಕಣಪ್ಪ" ಎಂದಳು ದೊಡ್ಡಜ್ಜಿ.

ತಾತನಿಗೆ ಮೊದಲು ನಗು ಬಂತು, ಆಮೇಲೆ ಸಿಟ್ಟು. "ಅದು ನಾಟ್ಕ ಅತ್ಗೆ! ಅವ್ನು ಬಣ್ಣ ಒರೆಸ್ಕೊಂಡು ಮನೇಗೋಗಿ ಉಂಡಿರ್ತಾನೆ!" "ಆಟ ಆಡಿದೋನು ಉಂಡಿರ್ತಾನೆ. ಸತ್ತೋನು ಉಂಡಿಲ್ಲ." "ಊರೋರು ಏನಂದಾರು?" "ಊರೋರು ಅನ್ನದೆ ಇದ್ದಿದ್ದು ಯಾವಾಗ?" ತಾತ ಸೋತರು. ನಮ್ಮವರ ಸಾಲಿನಲ್ಲಿ ಬೇಡ, ಹೊಸ್ತಿಲ ಪಕ್ಕ ಬೇರೆಯಾಗಿ ಇಟ್ಟುಕೊಳ್ಳಲಿ ಎಂದು ರಾಜಿಯಾಯಿತು. ದೊಡ್ಡಜ್ಜಿಗೆ ಅರುಳು ಮರುಳು ಹಿಡಿದಿದೆ, ಟೀವಿಯನ್ನು ನಿಜ ಎಂದುಕೊಂಡಿದ್ದಾಳೆ ಎಂದು ಎಲ್ಲರೂ ನಂಬಿದೆವು.

ಹಬ್ಬದ ದಿನ ದೊಡ್ಡಜ್ಜಿ ಅಟ್ಟ ಹತ್ತಿ ಒಂದೊಂದೇ ಕಾಯಿ ತಿರುವಿ ನೋಡಿದಳು. ಅಟ್ಟಕ್ಕೆ ಹಾಕಿದ ಕಾಯಿಯಲ್ಲಿ ಕೆಲವು ಕೊಬ್ಬರಿಯಾಗದೆ ಮೊಳೆತುಬಿಡುತ್ತವೆ. ಅಂಥದನ್ನು ಒಡೆದರೆ ಒಳಗೆ ಬೆಣ್ಣೆಯಂಥ ಒಂದು ಬಿಳಿ ಉಂಡೆ, ಬಾಯಿಗಿಟ್ಟರೆ ಸಿಹಿ ನೀರಾಗಿ ಕರಗುತ್ತದೆ. ಮಕ್ಕಳು ಕಿತ್ತಾಡುವ ತಿಂಡಿಯೇ ಹೊರತು ಹಿರಿಯರ ಎಡೆಗೆ ಅದನ್ನು ಯಾರೂ ಇಡುವುದಿಲ್ಲ. ಒಬ್ಬಟ್ಟು, ಪಾಯಸ ಎಲ್ಲ ಬಡಿಸಿಯಾದ ಮೇಲೆ, ಧೂಪದ ಹೊಗೆಯ ನಡುವೆ, ದೊಡ್ಡಜ್ಜಿ ಹೊಸ್ತಿಲ ಪಕ್ಕದ ಎಲೆಯ ಮೇಲೆ ಆ ಉಂಡೆಯನ್ನು ಇಟ್ಟು, ಚೂರು ಬೆಲ್ಲ ಇಟ್ಟಳು. ಬಾಗಿಲು ಮುಚ್ಚಲು ಬಂದ ತಾತನ ಕಣ್ಣು ಅದರ ಮೇಲೆ ಬಿತ್ತು. ಅವರು ನಿಂತೇ ಇದ್ದರು. ಚಿಕ್ಕವರಿದ್ದಾಗ ಅವರಣ್ಣ ಯಾರಿಗೂ ಕಾಣದಂತೆ ಅಟ್ಟ ಹತ್ತಿ, ಮೊಳೆತ ಕಾಯಿ ಹುಡುಕಿ ಒಡೆದು, ಅರ್ಧ ತಾನು ತಿಂದು ಅರ್ಧ ತಮ್ಮನಿಗೆ ತಿನ್ನಿಸುತ್ತಿದ್ದನಂತೆ, ಬೆಲ್ಲದ ಜೊತೆ. ಇದನ್ನು ಅವರು ನಮಗೆ ಹೇಳಿದ್ದು ಎಷ್ಟೋ ಕಾಲದ ಮೇಲೆ. ಅವತ್ತು ಬಗ್ಗಿ, ಎಲೆಯನ್ನು ಎರಡೂ ಕೈಯಲ್ಲಿ, ಏನೂ ಚೆಲ್ಲದ ಹಾಗೆ ಎತ್ತಿಕೊಂಡು ಹೋಗಿ, ತಮ್ಮ ಅಪ್ಪ ಅಮ್ಮನ ಎಲೆಗಳ ಪಕ್ಕ ಸಾಲಿಗೆ ಸೇರಿಸಿದರು. "ದೂರದಿಂದ ಬಂದಿರ್ತಾನೆ. ಜೊತೇಲೇ ಉಣ್ಲಿ ಬುಡಿ" ಎಂದರು, ದೊಡ್ಡಜ್ಜಿಯ ಮುಖ ನೋಡದೆ.

ಜಗಲಿಯ ಮೇಲೆ ರಂಗಣ್ಣ ಕಾದು ಕೂತಿದ್ದ. "ಏನ್ ದೊಡ್ಡಮ್ಮ, ಬಂದ್ನಾ ಗುಮಾಸ್ತ? ಕೊಂದೋರ್ ಹೆಸ್ರು ಕೇಳಿದ್ರಾ?" ಎಂದ. "ಉಣ್ಣೋರ್ನ ಮಾತಾಡ್ಸಬಾರ್ದು ಸುಮ್ಕಿರ್ಲಾ" ಎಂದು ತಾತ ಗದರಿದರು. ದೊಡ್ಡಜ್ಜಿ ಕಂಬಕ್ಕೆ ಒರಗಿ ಕೂತು, ಕೈಯ ಬಳೆಗಳನ್ನು ಒಂದೊಂದಾಗಿ ಹಿಂದೆ ಮುಂದೆ ಸರಿಸುತ್ತಿದ್ದಳು. ಹಣೆಯ ಕುಂಕುಮ ಹಾಗೆಯೇ ಇತ್ತು.

ಆಮೇಲೆ ಪ್ರತಿ ಮಾರ್ಲಮಿಗೂ ಗುಮಾಸ್ತನ ಎಲೆ ಬಿತ್ತು. ಕಥೆ ಮರೆತುಹೋಯಿತು, ಟೀವಿ ಕೆಟ್ಟು ಮೂಲೆ ಸೇರಿತು, ಎಲೆ ಮಾತ್ರ ತಪ್ಪಲಿಲ್ಲ. ಹೊಸದಾಗಿ ಬಂದ ಸೊಸೆಯರು ಅವನನ್ನು ನಮ್ಮ ಮನೆತನದ ಯಾರೋ ಹಿರಿಯ ಎಂದೇ ತಿಳಿದಿದ್ದರು. ಯಾರೂ ತಿದ್ದಲಿಲ್ಲ. ದೊಡ್ಡಜ್ಜಿ ಒಂದು ಬೇಸಿಗೆಯ ಮಧ್ಯಾಹ್ನ ಮಲಗಿದವಳು ಏಳಲಿಲ್ಲ. ಹಸಿರು ಬಳೆ ತೊಡಿಸಿ, ಹಣೆತುಂಬ ಕುಂಕುಮವಿಟ್ಟು, ಮುತ್ತೈದೆಯಾಗಿಯೇ ಕಳಿಸಿದೆವು. ಆಡಿಕೊಳ್ಳುವವರು ಕೂಡ ಅವತ್ತು ಅವಳ ಕಾಲು ಮುಟ್ಟಿ ನಮಸ್ಕರಿಸಿದರು.

ಈಗ ಆ ಮನೆಯಿಲ್ಲ. ಆದರೆ ದೊಡ್ಡಜ್ಜಿ ತೀರಿಕೊಂಡ ವರ್ಷದ ಮಾರ್ಲಮಿ ನನ್ನೊಳಗೆ ಇನ್ನೂ ಮುಗಿದಿಲ್ಲ. ಅಮ್ಮ ಎಲೆ ಹಾಕುತ್ತ, "ದೊಡ್ಡತ್ತೇದು ಎಲ್ಲಿ ಹಾಕ್ಲಿ ಮಾವ?" ಎಂದು ಕೇಳಿದಳು. ತಾತ ಸಾಲಿನ ಕೊನೆಯಲ್ಲಿದ್ದ ಗುಮಾಸ್ತನ ಎಲೆಯನ್ನು ತೋರಿಸಿದರು. "ಅಲ್ಲಾಕು. ನಂಜಣ್ಣನ ಪಕ್ಕ." ಆ ಹೆಸರು ಆ ಕೋಣೆಯಲ್ಲಿ ಎಂದೂ ಕೇಳಿಬಂದಿರಲಿಲ್ಲ. ಅಮ್ಮ ಆ ಎಲೆಗೆ ಅಂಟಿಸಿದಂತೆ ಇನ್ನೊಂದು ಎಲೆ ಹಾಸಿದಳು. ಧೂಪ ಹಾಕಿದೆವು, ಹೊರಗೆ ಬಂದೆವು, ತಾತ ಬಾಗಿಲು ಮುಚ್ಚಿದರು. ಬಿಸಿಲು ಜಗಲಿಯ ಮೇಲಿಂದ ಅಂಗಳಕ್ಕೆ, ಅಂಗಳದಿಂದ ತೋಟದ ಬೇಲಿಗೆ ಸರಿಯಿತು. ಮಕ್ಕಳು ಹಸಿವೆಂದು ರಾಗ ತೆಗೆದರು. ತೆಗೆಯೋಣವೇ ಎಂದು ಅಜ್ಜಿ ಎದ್ದಳು. ತಾತ ಬಾಗಿಲಿಗೆ ಬೆನ್ನು ಕೊಟ್ಟು ಕೂತವರು ಅಲ್ಲಾಡಲಿಲ್ಲ.

"ತಡಿಯೇ" ಎಂದರು. "ಎಷ್ಟೊಂದು ಮಾತಿರ್ತವೆ ಅವ್ರಿಗೆ. ಇನ್ನೊಸಿ ಹೊತ್ತು ಇರ್ಲಿ."